ಸೊಪ್ಪಿನಲ್ಲಿ ಸೀಸ, ಕ್ಯಾಡ್ಮಿಯಂ: ಮಲೆನಾಡು ಕೇಳಬೇಕಾದ ಪ್ರಶ್ನೆ ಯಾವುದು?

ಬೆಂಗಳೂರಿನಲ್ಲಿ ಮಾರಾಟವಾಗುವ ತರಕಾರಿಗಳಲ್ಲಿ ಭಾರಲೋಹಗಳು ಮಿತಿ ಮೀರಿವೆ ಎಂದು ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಯ ಅಧ್ಯಯನವೊಂದು ಹೇಳಿದ್ದು 2023ರಲ್ಲಿ ದೊಡ್ಡ ಸುದ್ದಿಯಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಸುದ್ದಿಯನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಅಲ್ಲಿಂದ ಈಚೆಗೆ ಇಂಥ ವರದಿಗಳು ಆಗಾಗ ಬರುತ್ತಲೇ ಇವೆ. ಓದುಗರನ್ನು ಹೆಚ್ಚು ಗೊಂದಲಕ್ಕೆ ತಳ್ಳಿದ್ದು ಒಂದು ವಿವರ: ಪರೀಕ್ಷೆಗೆ ಒಳಗಾದ ಮಾದರಿಗಳಲ್ಲಿ ಸಾವಯವ ಮಳಿಗೆಗಳಿಂದ ತಂದವೂ ಇದ್ದವು, ಮತ್ತು ಅವೂ ದೋಷದಿಂದ ಹೊರತಾಗಿರಲಿಲ್ಲ. ಹೆಚ್ಚು ಹಣ ಕೊಟ್ಟು ಸಾವಯವ ಸೊಪ್ಪು ಕೊಳ್ಳುವವರಿಗೂ, ಕಷ್ಟಪಟ್ಟು ಬೆಳೆಯುವವರಿಗೂ ಇದು ಅರ್ಥವಾಗದ ಸಂಗತಿಯಾಗಿ ಉಳಿಯಿತು.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಸಂತೆಗಳಲ್ಲಿ ಸೊಪ್ಪು ಕೊಳ್ಳುವವರ ಮನಸ್ಸಿನಲ್ಲೂ ಅದೇ ಪ್ರಶ್ನೆ ಇದೆ. ನಮ್ಮದು ಮಲೆನಾಡು, ಬೆಂಗಳೂರಿನಂತೆ ಕಾರ್ಖಾನೆಗಳ ಕೊಳಚೆಯಲ್ಲಿ ಬೆಳೆದ ಸೊಪ್ಪು ಇಲ್ಲಿ ಬರುವುದಿಲ್ಲ ಎಂಬ ಸಮಾಧಾನ ಒಂದು ಕಡೆ. ರಾಸಾಯನಿಕ ಗೊಬ್ಬರ ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಇನ್ನೊಂದು ಕಡೆ. ಮಣ್ಣೇ ಇಲ್ಲದೆ ನೀರಿನಲ್ಲಿ ಬೆಳೆದ ಸೊಪ್ಪು ಶುದ್ಧ ಎಂಬ ಜಾಹೀರಾತು ಮೂರನೆಯದು. ಮೂರರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಯಾವುದೂ ಪೂರ್ಣ ಉತ್ತರವಲ್ಲ. ಎಲೆಯೊಳಗೆ ಲೋಹ ಎಷ್ಟು ಸೇರುತ್ತದೆ ಎಂಬುದನ್ನು ಬೇಸಾಯ ಪದ್ಧತಿಯ ಹೆಸರಿಗಿಂತ ಮಣ್ಣಿನ ಹುಳಿ, ನೀರಿನ ಮೂಲ ಮತ್ತು ಗೊಬ್ಬರ ಎಲ್ಲಿಂದ ಬಂತು ಎಂಬ ಮೂರು ಸಂಗತಿಗಳು ಹೆಚ್ಚು ನಿರ್ಧರಿಸುತ್ತವೆ ಎಂಬುದು ಈ ಲೇಖನದ ವಾದ. ಈ ಮೂರರಲ್ಲಿ ಮೊದಲನೆಯದು ಮಲೆನಾಡಿಗೆ ವಿಶೇಷವಾಗಿ ಅನ್ವಯಿಸುತ್ತದೆ.

ಸಂಖ್ಯೆಗಳು ಗೊಂದಲ ಹುಟ್ಟಿಸುವುದು ಏಕೆ

ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆಯಾದ ಕೋಡೆಕ್ಸ್, ಸೊಪ್ಪುಗಳಲ್ಲಿ ಸಾಮಾನ್ಯವಾಗಿ ಒಂದು ಕಿಲೋಗೆ 0.3 ಮಿಲಿಗ್ರಾಂ ಸೀಸ ಮತ್ತು 0.2 ಮಿಲಿಗ್ರಾಂ ಕ್ಯಾಡ್ಮಿಯಂ ಮೀರಬಾರದು ಎಂದು ಹೇಳುತ್ತದೆ. ಈ ಮಿತಿ ಹಸಿ ಸೊಪ್ಪಿನ ತೂಕಕ್ಕೆ ಸಂಬಂಧಿಸಿದ್ದು. ಪ್ರಯೋಗಾಲಯಗಳಲ್ಲಿ ಮಾತ್ರ ಸೊಪ್ಪನ್ನು ಒಣಗಿಸಿ, ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ ಲೋಹವನ್ನು ಅಳೆಯುವುದು ರೂಢಿ. ಹೆಚ್ಚಿನ ಸೊಪ್ಪುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ ಇರುವುದರಿಂದ, ಒಣ ತೂಕದ ಲೆಕ್ಕದಲ್ಲಿ ಬಂದ ಸಂಖ್ಯೆ ಹಸಿ ತೂಕದ ಸಂಖ್ಯೆಗಿಂತ ಸುಮಾರು ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಒಣ ತೂಕದಲ್ಲಿ ಕಿಲೋಗೆ 1 ಮಿಲಿಗ್ರಾಂ ಕ್ಯಾಡ್ಮಿಯಂ ಎಂದು ಬಂದರೆ ಹಸಿ ಸೊಪ್ಪಿನಲ್ಲಿ ಅದು 0.1 ಮಿಲಿಗ್ರಾಂ ಆಸುಪಾಸು, ಅಂದರೆ ಮಿತಿಯ ಒಳಗೆ. ಇದನ್ನು ಗಮನಿಸದೆ ಒಣ ತೂಕದ ಅಂಕಿಯನ್ನು ಹಸಿ ತೂಕದ ಮಿತಿಯ ಪಕ್ಕದಲ್ಲಿಟ್ಟರೆ ‘ಐದು ಪಟ್ಟು ವಿಷ’ ಎಂಬ ತಲೆಬರಹ ಹುಟ್ಟುತ್ತದೆ. ವರದಿ ಓದುವಾಗ ಮೊದಲು ನೋಡಬೇಕಾದದ್ದು ಅಂಕಿ ಯಾವ ತೂಕಕ್ಕೆ ಸೇರಿದ್ದು ಎಂಬುದನ್ನೇ.

ಎರಡನೆಯ ತೊಡಕು ಎಲೆಗೆ ಅಂಟಿದ ಮಣ್ಣು. ಯಾವ ಮಾಲಿನ್ಯವೂ ಇಲ್ಲದ ಸಾಮಾನ್ಯ ಮಣ್ಣಿನಲ್ಲೂ ಕಿಲೋಗೆ ಇಪ್ಪತ್ತು–ಮೂವತ್ತು ಮಿಲಿಗ್ರಾಂ ಸೀಸ ಸಹಜವಾಗಿ ಇರುತ್ತದೆ. ಒಂದು ಕಿಲೋ ಹರಿವೆ ಸೊಪ್ಪಿಗೆ ಐದು ಗ್ರಾಂ ಕೆಂಪು ಧೂಳು ಅಂಟಿಕೊಂಡಿದೆ, ಆ ಧೂಳಿನಲ್ಲಿ ಕಿಲೋಗೆ 30 ಮಿಲಿಗ್ರಾಂ ಸೀಸವಿದೆ ಎಂದಿಟ್ಟುಕೊಳ್ಳೋಣ. ಆಗ ತೊಳೆಯದ ಆ ಸೊಪ್ಪಿನಲ್ಲಿ 0.15 ಮಿಲಿಗ್ರಾಂ ಸೀಸ, ಅಂದರೆ ಮಿತಿಯ ಅರ್ಧ ಭಾಗ, ಕೇವಲ ಧೂಳಿನಿಂದಲೇ ಬಂದಿರುತ್ತದೆ. ಮಾದರಿಯನ್ನು ತೊಳೆದು ಪರೀಕ್ಷಿಸಿದರೇ ತೊಳೆಯದೆಯೇ ಎಂಬುದರ ಮೇಲೆ ಫಲಿತಾಂಶ ಎಷ್ಟು ಬದಲಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ವರದಿಗಳು ಸುಳ್ಳು ಎಂದು ಇದರ ಅರ್ಥವಲ್ಲ. ಎರಡು ವರದಿಗಳನ್ನು ಹೋಲಿಸುವ ಮೊದಲು ಎರಡೂ ಒಂದೇ ರೀತಿ ಅಳೆದವೇ ಎಂದು ಕೇಳಬೇಕಾಗುತ್ತದೆ.

ಸೀಸ ಹೊರಗಿನಿಂದ, ಕ್ಯಾಡ್ಮಿಯಂ ಒಳಗಿನಿಂದ

ಭಾರಲೋಹ ಎಂದು ಒಂದೇ ಉಸಿರಿನಲ್ಲಿ ಹೇಳಿದರೂ ಸೀಸ ಮತ್ತು ಕ್ಯಾಡ್ಮಿಯಂ ಎಲೆಯನ್ನು ಸೇರುವ ದಾರಿಗಳು ಬೇರೆ ಬೇರೆ. ಸೀಸ ಮಣ್ಣಿನ ಕಣಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೇರಿನೊಳಗೆ ಹೋದರೂ ಬಹುಪಾಲು ಅಲ್ಲೇ ಉಳಿದು, ಕಾಂಡ, ಎಲೆಗಳಿಗೆ ಏರುವುದು ಕಡಿಮೆ. ಎಲೆಯಲ್ಲಿ ಸೀಸ ಹೆಚ್ಚು ಕಂಡರೆ ಅದು ಮುಖ್ಯವಾಗಿ ಗಾಳಿ, ಧೂಳು, ಮಳೆಯ ಎರಚಲಿನಿಂದ ಎಲೆಯ ಮೇಲೆ ಬಂದು ಕೂತದ್ದಾಗಿರುತ್ತದೆ. ಭಾರತದಲ್ಲಿ ಸೀಸಯುಕ್ತ ಪೆಟ್ರೋಲ್ ನಿಂತದ್ದು 2000ದಲ್ಲಿ. ಅದಕ್ಕೂ ಮೊದಲು ದಶಕಗಳ ಕಾಲ ಹೊಗೆಯ ಜೊತೆ ಬಿದ್ದ ಸೀಸ ಹಳೆಯ ರಸ್ತೆಗಳ ಬದಿಯ ಮಣ್ಣಿನಲ್ಲಿ ಇನ್ನೂ ಇದೆ, ಏಕೆಂದರೆ ಅದು ಕೊಳೆಯುವ ವಸ್ತುವಲ್ಲ. ಇದರ ಜೊತೆಗೆ ಹಳೆಯ ಬಣ್ಣ, ಬ್ಯಾಟರಿ ರಿಪೇರಿ ಅಂಗಡಿಗಳು ಮತ್ತು ಸುಟ್ಟ ಕಸದ ಬೂದಿಯಿಂದಲೂ ಸೀಸ ಬರುತ್ತದೆ.

ಕ್ಯಾಡ್ಮಿಯಂ ಹಾಗಲ್ಲ. ಅದು ಮಣ್ಣಿನ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಗಿಡಕ್ಕೆ ಅಗತ್ಯವಾದ ಸತುವಿನ ಗುಣಗಳನ್ನೇ ಬಹುಮಟ್ಟಿಗೆ ಹೋಲುವುದರಿಂದ, ಬೇರು ಸತುವನ್ನು ಎಳೆದುಕೊಳ್ಳುವ ದಾರಿಯಲ್ಲೇ ಕ್ಯಾಡ್ಮಿಯಂ ಕೂಡ ನುಸುಳಿ ಎಲೆಯವರೆಗೆ ಏರುತ್ತದೆ. ಮಣ್ಣಿನಲ್ಲಿ ಸತುವಿನ ಕೊರತೆಯಿದ್ದರೆ ಈ ನುಸುಳುವಿಕೆ ಇನ್ನೂ ಹೆಚ್ಚು. ಹಣ್ಣು, ಕಾಯಿ, ಬೀಜಗಳಿಗಿಂತ ಎಲೆಯಲ್ಲಿ ಅದು ಹೆಚ್ಚಾಗಿ ಸೇರುತ್ತದೆ. ಪಾಲಕ್, ಹರಿವೆ, ಲೆಟ್ಯೂಸ್‌ಗಳು ಈ ವಿಷಯದಲ್ಲಿ ಮುಂದಿವೆ.

ಈ ವ್ಯತ್ಯಾಸದಿಂದ ಅಡುಗೆಮನೆಗೆ ನೇರವಾಗಿ ಸಂಬಂಧಿಸಿದ ಒಂದು ಪರಿಣಾಮ ಹೊರಡುತ್ತದೆ. ಸೊಪ್ಪನ್ನು ಬೇರು ಕತ್ತರಿಸಿ, ಮಣ್ಣು ಹತ್ತಿದ ಕೆಳಗಿನ ಎಲೆಗಳನ್ನು ತೆಗೆದು, ಮೂರು–ನಾಲ್ಕು ನೀರಿನಲ್ಲಿ ಜಾಲಾಡಿದರೆ ಧೂಳಿನ ಜೊತೆ ಸೀಸದ ಒಂದು ಪಾಲು ಹೋಗುತ್ತದೆ. ಎಲೆಯ ಒಳಗೆ ಸೇರಿದ ಕ್ಯಾಡ್ಮಿಯಂ ತೊಳೆದರೆ ಹೋಗದು. ಉಪ್ಪು–ಅರಿಶಿನದ ನೀರಿನಲ್ಲಿ ನೆನೆಸಿಟ್ಟರೂ ಹೋಗದು. ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೆ ಸ್ವಲ್ಪ ಕಡಿಮೆಯಾಗಬಹುದು, ಆದರೆ ಅದರೊಂದಿಗೆ ಸೊಪ್ಪಿನ ಫೋಲೇಟ್ ಮತ್ತು ಸಿ ಜೀವಸತ್ವವೂ ಚೆಲ್ಲಿಹೋಗುತ್ತವೆ. ಆದ್ದರಿಂದ ಕ್ಯಾಡ್ಮಿಯಂಗೆ ಪರಿಹಾರ ಇರುವುದು ಹೊಲದಲ್ಲಿ.

ಮಲೆನಾಡಿನ ಹುಳಿ ಮಣ್ಣು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಪಶ್ಚಿಮ ಭಾಗಗಳೂ ಭಾರಿ ಮಳೆಯ ಪ್ರದೇಶಗಳೇ. ಸಾವಿರಾರು ವರ್ಷಗಳಿಂದ ಸುರಿದ ಈ ಮಳೆ ಮಣ್ಣಿನಲ್ಲಿದ್ದ ಸುಣ್ಣಾಂಶ, ಮೆಗ್ನೀಷಿಯಂಗಳನ್ನು ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಂಬಿದ ಕೆಂಪು ಜಂಬಿಟ್ಟಿಗೆ ಮಣ್ಣನ್ನು ಉಳಿಸಿದೆ. ಹೀಗಾಗಿ ಇಲ್ಲಿನ ಮಣ್ಣು ಸಹಜವಾಗಿಯೇ ಹುಳಿ. ಮಣ್ಣು ಪರೀಕ್ಷೆ ಮಾಡಿಸಿದ ರೈತರ ಚೀಟಿಗಳಲ್ಲಿ ರಸಸಾರ (ಹುಳಿಯ ಅಳತೆಯಾದ ಪಿಎಚ್; ಏಳಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) ಐದು, ಐದೂವರೆ ಎಂದು ಕಾಣುವುದು ಇಲ್ಲಿ ಸಾಮಾನ್ಯ.

ರಸಸಾರ ಒಂದು ಅಂಕ ಇಳಿದರೆ ಮಣ್ಣಿನ ಆಮ್ಲತೆ ಹತ್ತು ಪಟ್ಟು ಹೆಚ್ಚಿದಂತೆ. ಆಮ್ಲತೆ ಹೆಚ್ಚಿದಾಗ ಮಣ್ಣಿನ ಕಣಗಳಿಗೆ ಅಂಟಿಕೊಂಡಿದ್ದ ಕ್ಯಾಡ್ಮಿಯಂ ಸಡಿಲಗೊಂಡು ನೀರಿಗೆ ಬರುತ್ತದೆ, ಅಲ್ಲಿಂದ ಬೇರಿಗೆ ಸೇರುತ್ತದೆ. ಕರ್ನಾಟಕದ ಬಯಲುಸೀಮೆಯ ಸುಣ್ಣದ ಅಂಶವಿರುವ ಕಪ್ಪು ಮಣ್ಣಿನಲ್ಲಿ ಮತ್ತು ತೀರ್ಥಹಳ್ಳಿಯ ಹುಳಿ ಮಣ್ಣಿನಲ್ಲಿ ಒಂದೇ ಪ್ರಮಾಣದ ಕ್ಯಾಡ್ಮಿಯಂ ಇದೆ ಎಂದುಕೊಂಡರೂ, ಎರಡರಲ್ಲಿ ಬೆಳೆದ ಪಾಲಕ್ ಎಲೆಯಲ್ಲಿ ಸೇರುವ ಪ್ರಮಾಣ ಒಂದೇ ಆಗಿರುವುದಿಲ್ಲ. ಹುಳಿ ಮಣ್ಣಿನ ಎಲೆಯಲ್ಲಿ ಹೆಚ್ಚು ಇರುವ ಸಂಭವವೇ ಜಾಸ್ತಿ. ‘ನಮ್ಮಲ್ಲಿ ಕಾರ್ಖಾನೆ ಇಲ್ಲ’ ಎಂಬ ಸಮಾಧಾನ ಸಾಲದು ಎನ್ನಲು ಇದೇ ಕಾರಣ. ಮಣ್ಣಿಗೆ ಬೀಳುವ ಲೋಹ ಕಡಿಮೆ ಇದ್ದರೂ, ಬಿದ್ದದ್ದು ಎಲೆಗೆ ಏರುವ ದಾರಿ ಇಲ್ಲಿ ಹೆಚ್ಚು ತೆರೆದಿದೆ.

ಇದಕ್ಕೆ ಎದುರಾಗಿ ಕೆಲಸ ಮಾಡುವ ಸಂಗತಿಗಳೂ ಇದೇ ಮಣ್ಣಿನಲ್ಲಿವೆ ಎಂಬುದನ್ನು ಮರೆಯಬಾರದು. ಜಂಬಿಟ್ಟಿಗೆ ಮಣ್ಣಿನ ಕಬ್ಬಿಣದ ಆಕ್ಸೈಡುಗಳು ಲೋಹಗಳನ್ನು ಹಿಡಿದಿಡುತ್ತವೆ, ವಿಶೇಷವಾಗಿ ಸೀಸ ಮತ್ತು ಆರ್ಸೆನಿಕ್ಕನ್ನು. ಸೊಪ್ಪಿನಬೆಟ್ಟದಿಂದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಿಂದ, ಬಂದ ದರಗು (ಒಣ ಎಲೆ), ಹಸಿಸೊಪ್ಪು, ಕೊಟ್ಟಿಗೆ ಗೊಬ್ಬರ ಬಿದ್ದ ನೆಲದಲ್ಲಿ ಸಾವಯವ ಅಂಶ ಹೆಚ್ಚಿದ್ದು ಅದೂ ಲೋಹವನ್ನು ಕಟ್ಟಿಹಾಕುತ್ತದೆ. ಹಾಗಾಗಿ ಮಲೆನಾಡಿನ ಮಣ್ಣೆಲ್ಲ ಅಪಾಯಕಾರಿ ಎಂದು ಹೇಳುವುದು ತಪ್ಪಾಗುತ್ತದೆ. ಹಳ್ಳಿಯ ಹಿತ್ತಿಲಿನಲ್ಲಿ ಕೊಟ್ಟಿಗೆ ಗೊಬ್ಬರ ಹಾಕಿ, ಬಾವಿ ನೀರಿನಲ್ಲಿ ಬೆಳೆದ ಸೊಪ್ಪಿನ ಬಗ್ಗೆ ಹೆದರಲು ಸಾಮಾನ್ಯವಾಗಿ ಕಾರಣವಿಲ್ಲ. ಹುಳಿ ಮಣ್ಣಿಗೆ ಹೊರಗಿನ ಲೋಹ ಬಂದು ಸೇರುವ ಕಡೆ ಎಚ್ಚರ ಬೇಕು.

ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಸೊಪ್ಪು, ತರಕಾರಿ ಹಾಕುವವರು ಇನ್ನೊಂದು ಸಂಗತಿಯನ್ನು ತಿಳಿದಿರುವುದು ಒಳ್ಳೆಯದು. ನೀರು ನಿಂತ ಗದ್ದೆಯಲ್ಲಿ ಗಾಳಿಯಾಡದ ಕಾರಣ ಕ್ಯಾಡ್ಮಿಯಂ ಗಂಧಕದ ಜೊತೆ ಸೇರಿ ಕರಗದ ರೂಪದಲ್ಲಿ ಉಳಿಯುತ್ತದೆ. ನೀರು ಬಸಿದು ಮಣ್ಣು ಒಣಗಿ ಗಾಳಿಯಾಡಿದಾಗ ಆ ಬಂಧ ಬಿಟ್ಟು ಅದು ಮತ್ತೆ ಕರಗುವ ರೂಪಕ್ಕೆ ಬರುತ್ತದೆ. ಆರ್ಸೆನಿಕ್‌ನ ನಡೆ ಇದಕ್ಕೆ ತದ್ವಿರುದ್ಧ. ಅದು ಕರಗುವುದು ನೀರು ನಿಂತಾಗ. ಒಂದೇ ಗದ್ದೆ ಮಳೆಗಾಲದಲ್ಲಿ ಒಂದು ಬಗೆ, ಬೇಸಿಗೆಯಲ್ಲಿ ಇನ್ನೊಂದು ಬಗೆ ವರ್ತಿಸುವುದು ಹೀಗೆ.

ರಾಸಾಯನಿಕ ಗೊಬ್ಬರದ ಪಾಲು ಎಷ್ಟು

ರಂಜಕದ ಗೊಬ್ಬರಗಳನ್ನು ಶಿಲಾರಂಜಕದಿಂದ ತಯಾರಿಸುತ್ತಾರೆ, ಆ ಶಿಲೆಯಲ್ಲಿ ಕ್ಯಾಡ್ಮಿಯಂ ಸಹಜವಾಗಿ ಇರುತ್ತದೆ. ಸಮುದ್ರದ ತಳದಲ್ಲಿ ಪದರಗಟ್ಟಿ ಆದ ಶಿಲೆಗಳಲ್ಲಿ ಹೆಚ್ಚು, ಜ್ವಾಲಾಮುಖಿ ಮೂಲದ ಶಿಲೆಗಳಲ್ಲಿ ಕಡಿಮೆ. ಐರೋಪ್ಯ ಒಕ್ಕೂಟ ಒಂದು ಕಿಲೋ ರಂಜಕಾಂಶಕ್ಕೆ 60 ಮಿಲಿಗ್ರಾಂ ಕ್ಯಾಡ್ಮಿಯಂ ಎಂಬ ಮಿತಿಯನ್ನು 2022ರಿಂದ ಜಾರಿಗೆ ತಂದಿರುವುದು ಇದೇ ಕಾರಣಕ್ಕೆ. ಸಾವಯವ ಕೃಷಿಯ ಪರವಾಗಿ ಮಾತನಾಡುವವರು ಬೊಟ್ಟು ಮಾಡುವುದು ಈ ಸಂಗತಿಯ ಕಡೆಗೆ, ಮತ್ತು ಅದು ನಿಜ.

ಆದರೆ ಪ್ರಮಾಣವನ್ನೂ ನೋಡಬೇಕು. ಗೊಬ್ಬರವೊಂದರಲ್ಲಿ ಕಿಲೋಗೆ 10 ಮಿಲಿಗ್ರಾಂ ಕ್ಯಾಡ್ಮಿಯಂ ಇದೆ, ವರ್ಷಕ್ಕೆ ಎಕರೆಗೆ ನೂರು ಕಿಲೋ ಹಾಕುತ್ತಾರೆ ಎಂದುಕೊಂಡರೆ ಮಣ್ಣಿಗೆ ಸೇರುವುದು ಒಂದು ಗ್ರಾಂ. ಒಂದು ಎಕರೆಯ ಮೇಲಿನ ಆರು ಇಂಚು ಮಣ್ಣು ಸುಮಾರು ಒಂಬೈನೂರು ಟನ್ ತೂಗುತ್ತದೆ. ಆ ಒಂದು ಗ್ರಾಂ ಅಷ್ಟು ಮಣ್ಣಿನಲ್ಲಿ ಹರಡಿದರೆ ಕಿಲೋಗೆ ಒಂದು ಮಿಲಿಗ್ರಾಮಿನ ಸಾವಿರದ ಒಂದು ಭಾಗದಷ್ಟು. ಒಂದು ವರ್ಷದಲ್ಲಿ ಗಮನಕ್ಕೆ ಬರುವ ಪ್ರಮಾಣ ಇದಲ್ಲ. ಐವತ್ತು ವರ್ಷ ಎಡೆಬಿಡದೆ ನಡೆದರೆ ಬರುತ್ತದೆ. ಅಂದರೆ ಗೊಬ್ಬರದ ಕ್ಯಾಡ್ಮಿಯಂ ನಿಧಾನವಾಗಿ ಏರುವ ಸಮಸ್ಯೆ. ಒಮ್ಮೆ ಏರಿದ ಮೇಲೆ ತೆಗೆಯುವುದು ಬಹಳ ಕಷ್ಟವಾದ್ದರಿಂದ ನಿಧಾನ ಎಂಬ ಕಾರಣಕ್ಕೆ ಕಡೆಗಣಿಸಲೂ ಆಗದು.

ಈ ಗೊಬ್ಬರಗಳ ಇನ್ನೊಂದು ಪರಿಣಾಮ ಕಡಿಮೆ ಚರ್ಚೆಯಾಗಿದೆ. ಯೂರಿಯಾ, ಅಮೋನಿಯಂ ಗೊಬ್ಬರಗಳು ಮಣ್ಣಿನಲ್ಲಿ ನೈಟ್ರೇಟಾಗಿ ಬದಲಾಗುವಾಗ ಆಮ್ಲತೆಯನ್ನು ಹೆಚ್ಚಿಸುತ್ತವೆ. ಮೊದಲೇ ಹುಳಿಯಾದ ಮಣ್ಣಿಗೆ ಸುಣ್ಣ ಹಾಕದೆ ವರ್ಷಾನುಗಟ್ಟಲೆ ಇವುಗಳನ್ನಷ್ಟೇ ಹಾಕುತ್ತ ಹೋದರೆ, ಗೊಬ್ಬರದಲ್ಲಿ ಲೋಹವೇ ಇಲ್ಲದಿದ್ದರೂ, ಮಣ್ಣಿನಲ್ಲಿ ಈಗಾಗಲೇ ಇರುವ ಲೋಹ ಗಿಡಕ್ಕೆ ಹೆಚ್ಚು ಸಿಗುವಂತಾಗುತ್ತದೆ. ಮಲೆನಾಡಿನ ಮಟ್ಟಿಗೆ ರಂಜಕದಲ್ಲಿರುವ ಕ್ಯಾಡ್ಮಿಯಂಗಿಂತ ಈ ಆಮ್ಲತೆಯೇ ಹೆಚ್ಚು ತಕ್ಷಣದ ಚಿಂತೆ ಎಂದು ನನಗೆ ತೋರುತ್ತದೆ.

ಸಾವಯವದ ಭರವಸೆ ಮತ್ತು ಅದರ ಗಡಿ

ಸಾವಯವ ಪ್ರಮಾಣಪತ್ರ ಹೇಳುವುದು ಬೆಳೆದ ವಿಧಾನವನ್ನು. ಯಾವ ಗೊಬ್ಬರ, ಯಾವ ಕೀಟನಾಶಕ ಬಳಸಿದರು, ಯಾವುದನ್ನು ಬಳಸಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಕೈಯಲ್ಲಿರುವ ಕಟ್ಟಿನ ಎಲೆಯಲ್ಲಿ ಲೋಹ ಎಷ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ಲೋಹ ಸೃಷ್ಟಿಯಾಗುವುದೂ ಇಲ್ಲ, ಕೊಳೆಯುವುದೂ ಇಲ್ಲ. ಆ ಜಮೀನಿನ ಮೇಲೆ ಇಪ್ಪತ್ತು ವರ್ಷ ಹಿಂದೆ ಬಿದ್ದದ್ದು ಪದ್ಧತಿ ಬದಲಾದ ಮಾತ್ರಕ್ಕೆ ಹೋಗುವುದಿಲ್ಲ.

343 ಸಂಶೋಧನಾ ಪ್ರಬಂಧಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಸಾವಯವ ಬೆಳೆಗಳಲ್ಲಿ ಕ್ಯಾಡ್ಮಿಯಂ ಸರಾಸರಿ ನೂರಕ್ಕೆ 48ರಷ್ಟು ಕಡಿಮೆ ಎಂದು ಹೇಳಿತು. ಸಾವಯವದ ಪರ ವಾದಿಸುವವರು ಇದನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಆ ವ್ಯತ್ಯಾಸ ಸ್ಪಷ್ಟವಾಗಿ ಕಂಡದ್ದು ಮುಖ್ಯವಾಗಿ ಧಾನ್ಯಗಳಲ್ಲಿ ಎಂಬುದನ್ನು ಮಾತ್ರ ಸಾಮಾನ್ಯವಾಗಿ ಹೇಳುವುದಿಲ್ಲ. ತರಕಾರಿಗಳ ವಿಷಯದಲ್ಲಿ ಅಂಥ ಖಚಿತ ಅಂತರ ಸಿಗಲಿಲ್ಲ. ಸೊಪ್ಪಿನ ಬಗ್ಗೆ ಮಾತನಾಡುವಾಗ ಆ ಅಂಕಿಯನ್ನು ತಂದು ನಿಲ್ಲಿಸುವುದು ಸರಿಯಲ್ಲ.

ಸಾವಯವ ಗೊಬ್ಬರಗಳೆಲ್ಲ ಒಂದೇ ಬಗೆಯವೂ ಅಲ್ಲ. ಮನೆಯ ದನಗಳ ಕೊಟ್ಟಿಗೆ ಗೊಬ್ಬರ, ದರಗಿನ ಕಾಂಪೋಸ್ಟ್, ಜೀವಾಮೃತಗಳಲ್ಲಿ ಲೋಹದ ಅಂಶ ಸಾಮಾನ್ಯವಾಗಿ ಕಡಿಮೆ. ಕೋಳಿ ಗೊಬ್ಬರದಲ್ಲಿ ಆಹಾರದೊಂದಿಗೆ ಕೊಡುವ ತಾಮ್ರ, ಸತು ಉಳಿದುಕೊಂಡಿರುತ್ತವೆ. ನಗರದ ಕಸದಿಂದ ತಯಾರಾದ ಗೊಬ್ಬರದ ವಿಷಯ ಇನ್ನೂ ಬೇರೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟಿನಲ್ಲಿ ಕಿಲೋಗೆ 5 ಮಿಲಿಗ್ರಾಂ ಕ್ಯಾಡ್ಮಿಯಂ, 100 ಮಿಲಿಗ್ರಾಂ ಸೀಸದವರೆಗೆ ಇರಬಹುದು. ಮಿತಿಯ ಅಂಚಿನಲ್ಲಿರುವ ಅಂಥ ಗೊಬ್ಬರವನ್ನು ಎಕರೆಗೆ ನಾಲ್ಕು ಟನ್ ಹಾಕಿದರೆ ಮಣ್ಣಿಗೆ 20 ಗ್ರಾಂ ಕ್ಯಾಡ್ಮಿಯಂ, 400 ಗ್ರಾಂ ಸೀಸ ಸೇರುತ್ತದೆ. ಮೇಲೆ ಲೆಕ್ಕ ಹಾಕಿದ ರಾಸಾಯನಿಕ ಗೊಬ್ಬರದ ಒಂದು ಗ್ರಾಂ ಕ್ಯಾಡ್ಮಿಯಂಗೆ ಇದನ್ನು ಹೋಲಿಸಿದರೆ ಇಪ್ಪತ್ತು ಪಟ್ಟು. ಕಸವನ್ನು ಮನೆಯಲ್ಲೇ ಹಸಿ–ಒಣ ಎಂದು ಸರಿಯಾಗಿ ಬೇರ್ಪಡಿಸಿದ ಊರಿನ ಗೊಬ್ಬರ ಈ ಮಿತಿಗಿಂತ ತುಂಬ ಕೆಳಗೇ ಇರುತ್ತದೆ. ಬ್ಯಾಟರಿ ಸೆಲ್, ಬಲ್ಬು, ಹಳೆಯ ಚಾರ್ಜರ್, ಬಣ್ಣದ ಡಬ್ಬಿ ಎಲ್ಲ ಒಂದೇ ಗಾಡಿಯಲ್ಲಿ ಹಸಿಕಸದ ಜೊತೆ ಹೋದ ಊರಿನದು ಹಾಗಿರುವುದಿಲ್ಲ. ಮನೆಯ ಬಾಗಿಲಲ್ಲಿ ಕಸ ಬೇರ್ಪಡಿಸುವುದಕ್ಕೂ ಊರಿನ ಹೊರಗೆ ಬೆಳೆಯುವ ಕೊತ್ತಂಬರಿಯಲ್ಲಿರುವ ಲೋಹಕ್ಕೂ ನೇರ ಸಂಬಂಧ ಇರುವುದು ಹೀಗೆ.

ಇಷ್ಟೆಲ್ಲ ಹೇಳಿದ ಮೇಲೂ ಸಾವಯವ ಪದ್ಧತಿಗೆ ಒಂದು ನಿಜವಾದ ಅನುಕೂಲವಿದೆ. ವರ್ಷವರ್ಷವೂ ಒಳ್ಳೆಯ ಗೊಬ್ಬರ ಬಿದ್ದ ಮಣ್ಣಿನ ಸಾವಯವ ಅಂಶ ಲೋಹವನ್ನು ಹಿಡಿದಿಟ್ಟು ಬೇರಿಗೆ ಸಿಗದಂತೆ ಮಾಡುತ್ತದೆ. ಮೂಲ ಶುದ್ಧವಾಗಿದ್ದರೆ ಮಾತ್ರ ಈ ಅನುಕೂಲ ಸಿಗುತ್ತದೆ.

ಮಣ್ಣಿಲ್ಲದ ಬೇಸಾಯ

ಜಲಕೃಷಿಯಲ್ಲಿ ಗಿಡಕ್ಕೆ ಬೇಕಾದ ಪೋಷಕಾಂಶಗಳನ್ನು ನೀರಿನಲ್ಲಿ ಕರಗಿಸಿ ಕೊಡುತ್ತಾರೆ. ಮಣ್ಣಿನ ಹಳೆಯ ಮಾಲಿನ್ಯ ಇಲ್ಲಿ ಇಲ್ಲ, ಪಾಲಿಹೌಸಿನ ಹೊದಿಕೆಯಿಂದ ಧೂಳೂ ಕಡಿಮೆ. ಶುದ್ಧ ನೀರು, ಒಳ್ಳೆಯ ದರ್ಜೆಯ ಲವಣಗಳಿದ್ದರೆ ಸೊಪ್ಪಿನಲ್ಲಿ ಸೀಸ, ಕ್ಯಾಡ್ಮಿಯಂ ಬಹಳ ಕಡಿಮೆ ಇರುತ್ತವೆ ಎಂಬ ಮಾರಾಟಗಾರರ ಮಾತಿನಲ್ಲಿ ಹುರುಳಿದೆ.

ದುರ್ಬಲ ಜಾಗ ಬೇರೆಡೆ ಇದೆ. ಮಣ್ಣು ಇಲ್ಲ ಎಂದರೆ ಲೋಹವನ್ನು ಹಿಡಿದಿಡುವ ವಸ್ತುವೂ ಇಲ್ಲ. ದ್ರಾವಣದ ರಸಸಾರವನ್ನು ಐದೂವರೆಯಿಂದ ಆರೂವರೆಯ ನಡುವೆ, ಅಂದರೆ ಸ್ವಲ್ಪ ಹುಳಿಯಾಗಿಯೇ ಇಡುತ್ತಾರೆ. ಅಗ್ಗದ ಲವಣದಿಂದಲೋ, ಕೊಳವೆಬಾವಿಯ ನೀರಿನಿಂದಲೋ, ಲೋಹದ ಜೋಡಣೆಗಳಿಂದಲೋ ಸ್ವಲ್ಪ ಲೋಹ ಸೇರಿದರೂ ಅದರ ಬಹುಪಾಲು ನೇರವಾಗಿ ಬೇರಿಗೆ ಲಭ್ಯ. ಒಂದೇ ದ್ರಾವಣವನ್ನು ಮತ್ತೆ ಮತ್ತೆ ಸುತ್ತಿಸುವ ವ್ಯವಸ್ಥೆಯಲ್ಲಿ ಗಿಡಗಳು ನೀರನ್ನು ಹೀರಿದಂತೆ ಉಳಿದದ್ದು ಗಟ್ಟಿಯಾಗುತ್ತ ಹೋಗುತ್ತದೆ. ಇಲ್ಲಿ ಪರೀಕ್ಷಿಸಬೇಕಾದದ್ದು ನೀರು ಮತ್ತು ದ್ರಾವಣ. ಅದು ಸುಲಭವೂ ಹೌದು, ಏಕೆಂದರೆ ಮೂಲಗಳು ಬೆರಳೆಣಿಕೆಯಷ್ಟು.

ಅಡಿಕೆ ತೋಟದ ತಾಮ್ರ

ಮಲೆನಾಡಿನಲ್ಲಿ ಲೋಹದ ಮಾತು ಬಂದಾಗ ಅಡಿಕೆಗೆ ಸಿಂಪಡಿಸುವ ತಾಮ್ರದ ಶಿಲೀಂಧ್ರನಾಶಕವಾದ ಬೋರ್ಡೋ ದ್ರಾವಣವನ್ನು ಬಿಡುವಂತಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲಿ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಇದರ ಬಳಕೆಯನ್ನು ರೂಢಿಗೆ ತಂದರು. ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದಲ್ಲಿ ಸುಮಾರು ಕಾಲು ಭಾಗ ತಾಮ್ರ, ಅಂದರೆ ಪ್ರತಿ ನೂರು ಲೀಟರಿನಲ್ಲಿ 250 ಗ್ರಾಂ ತಾಮ್ರ. ಮಳೆಗಾಲದಲ್ಲಿ ಒಂದಕ್ಕಿಂತ ಹೆಚ್ಚು ಸಲ ಸಿಂಪಡಿಸುವ ತೋಟಗಳಲ್ಲಿ ಇದು ಗೊನೆಯಿಂದ ತೊಳೆದು ನೆಲಕ್ಕೆ ಬಿದ್ದು, ಮೇಲ್ಮಣ್ಣಿನಲ್ಲೇ ಉಳಿಯುತ್ತ ಬಂದಿದೆ.

ತಾಮ್ರ ಗಿಡಕ್ಕೂ ಮನುಷ್ಯನಿಗೂ ಅಲ್ಪ ಪ್ರಮಾಣದಲ್ಲಿ ಬೇಕಾದ ಲೋಹ. ಸೀಸ, ಕ್ಯಾಡ್ಮಿಯಂಗಳ ಸಾಲಿಗೆ ಅದನ್ನು ಸೇರಿಸಿ ಭಯಪಡುವುದು ಸರಿಯಲ್ಲ. ಎಲೆಯಲ್ಲಿ ಮನುಷ್ಯನಿಗೆ ಅಪಾಯವಾಗುವಷ್ಟು ತಾಮ್ರ ಸೇರುವ ಮೊದಲೇ ಗಿಡ ಸೊರಗುತ್ತದೆ. ತೋಟದ ಮಧ್ಯೆ ಸೊಪ್ಪು ಬೆಳೆಯುವವರಿಗೆ ತಾಮ್ರದಿಂದ ಆಗುವ ನಷ್ಟ ಬೆಳೆಯದು, ಎರೆಹುಳುವಿನದು. ಸಿಂಪಡಣೆ ಆದ ಕೂಡಲೇ ಕೆಳಗಿನ ಸೊಪ್ಪನ್ನು ಕೊಯ್ಯಬಾರದು ಎಂಬುದಷ್ಟೇ ಇಲ್ಲಿ ತಿನ್ನುವವರು ಪಾಲಿಸಬೇಕಾದ ನಿಯಮ.

ಕೊಳಚೆ ಕಾಲುವೆ, ರಸ್ತೆ ಬದಿ, ತಾನಾಗಿ ಬೆಳೆದ ಸೊಪ್ಪು

ಬೇಸಾಯ ಪದ್ಧತಿ ಯಾವುದೇ ಇರಲಿ, ನಗರದ ಕೊಳಚೆ ಬೆರೆತ ನೀರು ಹರಿಸಿದರೆ ಉಳಿದ ಎಚ್ಚರಿಕೆಗಳಿಗೆ ಅರ್ಥ ಉಳಿಯುವುದಿಲ್ಲ. ಗಾಜನೂರಿನಿಂದ ಹೊರಡುವ ತುಂಗಾ ನಾಲೆಯ ನೀರು ಒಂದು ಬಗೆ; ಊರಿನೊಳಗಿನ ರಾಜಕಾಲುವೆಗೆ ಪಂಪ್ ಇಟ್ಟು ಎತ್ತಿದ ನೀರು ಇನ್ನೊಂದು ಬಗೆ. ವಾಹನ ತೊಳೆಯುವ, ಲೋಹಕ್ಕೆ ಲೇಪನ ಹಾಕುವ, ಬ್ಯಾಟರಿ ಒಡೆಯುವ ಸಣ್ಣ ಘಟಕಗಳ ನೀರು ಅಂಥ ಕಾಲುವೆ ಸೇರುವುದು ಯಾವ ಊರಿನಲ್ಲೂ ಅಪರೂಪವಲ್ಲ. ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ಲೋಹಗಳು ಬಹುಪಾಲು ಕೆಸರಿನಲ್ಲಿ ಉಳಿಯುತ್ತವೆ. ಹೊರಬರುವ ನೀರು ಶುದ್ಧವಾದಷ್ಟೂ ಕೆಸರು ಭಾರವಾಗುತ್ತದೆ, ಆದ್ದರಿಂದ ಆ ಕೆಸರನ್ನು ಪರೀಕ್ಷಿಸದೆ ಸೊಪ್ಪಿನ ಮಡಿಗೆ ಗೊಬ್ಬರವಾಗಿ ಹಾಕಬಾರದು. ಶಿವಮೊಗ್ಗ–ಭದ್ರಾವತಿ ನಡುವಿನ ಪ್ರದೇಶಕ್ಕೆ ಉಕ್ಕು, ಕಾಗದದ ಕೈಗಾರಿಕೆಯ ನೂರು ವರ್ಷಗಳ ಇತಿಹಾಸವಿದೆ. ಅಲ್ಲಿನ ಮಣ್ಣು ಕೆಟ್ಟಿದೆ ಎಂದು ಇಷ್ಟರಿಂದಲೇ ತೀರ್ಮಾನಿಸಲಾಗದು. ಪರೀಕ್ಷೆಯನ್ನು ಅಲ್ಲಿಂದ ಶುರು ಮಾಡಲು ಇದು ಸಾಕಷ್ಟು ಕಾರಣ.

ಯಾರೂ ಬೆಳೆಸದೆ ತಾನಾಗಿ ಬೆಳೆದ ಸೊಪ್ಪು ಅತ್ಯಂತ ಶುದ್ಧ ಎಂಬ ಭಾವನೆಯೂ ಇಲ್ಲಿ ಪ್ರಬಲ. ಕಾಡಂಚಿನ, ತೋಟದ ಬದಿಯ ಒಂದೆಲಗ, ಚಗಟೆ, ಕೆಸುವಿನ ಮಟ್ಟಿಗೆ ಅದು ಸರಿ. ಆದರೆ ಮಳೆಗಾಲದಲ್ಲಿ ಪತ್ರೊಡೆಗೆ ಬೇಕಾದ ಕೆಸು, ಪಲ್ಯಕ್ಕೆ ಬೇಕಾದ ಹೊನಗೊನ್ನೆ ಎರಡೂ ತೇವದ ಜಾಗ ಹುಡುಕಿ ಬೆಳೆಯುವ ಗಿಡಗಳು, ಮತ್ತು ಪೇಟೆಯಲ್ಲಿ ತೇವದ ಜಾಗ ಎಂದರೆ ಹೆಚ್ಚಾಗಿ ಚರಂಡಿಯ ಅಂಚು. ಕೆಸರಿನ ಲೋಹವನ್ನು ಹೀರಿಕೊಳ್ಳುವುದರಲ್ಲಿ ಹೊನಗೊನ್ನೆ ಸಮರ್ಥ. ಅಂಥಲ್ಲಿ ಕೊಯ್ದು ಮಾರುವ ಸೊಪ್ಪಿಗೆ ಯಾವ ಪದ್ಧತಿಯ ಹೆಸರೂ ಇಲ್ಲ, ಯಾವ ಪರೀಕ್ಷೆಯೂ ಇಲ್ಲ.

ದೇಹದೊಳಗಿನ ಲೆಕ್ಕ

ಸೀಸಕ್ಕೆ ಇಷ್ಟು ಸುರಕ್ಷಿತ ಎಂಬ ಪ್ರಮಾಣವೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಅದು ಕುಗ್ಗಿಸುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಸೇರಿ ಹತ್ತರಿಂದ ಮೂವತ್ತು ವರ್ಷಗಳಲ್ಲಿ ಅರ್ಧದಷ್ಟು ಮಾತ್ರ ಹೊರಹೋಗುತ್ತದೆ. ಜಪಾನಿನ ಜಿಂಜು ನದಿಯ ತೀರದಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗಳನ್ನು ಸೇರಿ, ಅದೇ ಅಕ್ಕಿ ಉಂಡವರ, ಅದರಲ್ಲೂ ಹೆಚ್ಚಾಗಿ ಹೆಂಗಸರ, ಮೂಳೆಗಳು ಮುರಿಯತೊಡಗಿದವು. 1968ರಲ್ಲಿ ಅಲ್ಲಿನ ಸರ್ಕಾರ ಅದನ್ನು ಮಾಲಿನ್ಯದಿಂದ ಬಂದ ಕಾಯಿಲೆ ಎಂದು ಒಪ್ಪಿಕೊಂಡಿತು. ಇದು ತೀರಾ ಅತಿರೇಕದ ಪ್ರಸಂಗ, ನಮ್ಮ ಸೊಪ್ಪಿಗೆ ನೇರವಾಗಿ ಹೋಲಿಸುವಂಥದ್ದಲ್ಲ. ನಿಧಾನವಾಗಿ ಸೇರುವ ಲೋಹ ಏನು ಮಾಡಬಲ್ಲದು ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ತಜ್ಞರ ಅಂತರರಾಷ್ಟ್ರೀಯ ಸಮಿತಿ 2010ರಲ್ಲಿ ಕ್ಯಾಡ್ಮಿಯಂಗೆ ತಿಂಗಳ ಮಿತಿಯನ್ನು ದೇಹದ ತೂಕದ ಪ್ರತಿ ಕಿಲೋಗೆ 25 ಮೈಕ್ರೋಗ್ರಾಂ ಎಂದು ಇಟ್ಟಿತು. ಐವತ್ತು ಕಿಲೋ ತೂಕದ ಹೆಂಗಸಿಗೆ ಇದು ತಿಂಗಳಿಗೆ 1250 ಮೈಕ್ರೋಗ್ರಾಂ. ಆಕೆ ಪ್ರತಿದಿನ ನೂರು ಗ್ರಾಂ ಸೊಪ್ಪು ತಿನ್ನುತ್ತಾಳೆ, ಆ ಸೊಪ್ಪು 0.2 ಮಿಲಿಗ್ರಾಮಿನ ಮಿತಿಯಲ್ಲೇ ಇದೆ ಎಂದುಕೊಂಡರೆ ತಿಂಗಳಿಗೆ 600 ಮೈಕ್ರೋಗ್ರಾಂ ದೇಹ ಸೇರುತ್ತದೆ. ಮಿತಿಯೊಳಗಿನ ಸೊಪ್ಪೇ ಅರ್ಧ ಪಾಲನ್ನು ತುಂಬಿತು. ಅನ್ನದಿಂದ ಬರುವುದು ಬೇರೆ. ಸಾಮಾನ್ಯ ಸೊಪ್ಪಿನಲ್ಲಿ ಕ್ಯಾಡ್ಮಿಯಂ ಈ ಮಿತಿಗಿಂತ ಬಹಳ ಕಡಿಮೆ ಇರುವುದರಿಂದ ಇದು ನಿತ್ಯದ ಚಿತ್ರವಲ್ಲ. ಆದರೂ ಮಿತಿ ಎಂಬುದನ್ನು ಗುರಿಯೆಂದು ತಿಳಿಯಬಾರದು ಎಂಬುದಕ್ಕೆ ಈ ಲೆಕ್ಕ ಸಾಕು.

ದೇಹದಲ್ಲಿ ಕಬ್ಬಿಣಾಂಶ ಕಡಿಮೆ ಇದ್ದಾಗ ಕರುಳು ಕ್ಯಾಡ್ಮಿಯಂ, ಸೀಸ ಎರಡನ್ನೂ ಹೆಚ್ಚು ಹೀರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ರಕ್ತಹೀನತೆ ಇದೆ. ಅವರಿಗೆ ವೈದ್ಯರು ಸೊಪ್ಪು ತಿನ್ನಿ ಎನ್ನುತ್ತಾರೆ, ಹಾಗೆನ್ನುವುದು ಸರಿಯೂ ಹೌದು. ಸುದ್ದಿಗೆ ಹೆದರಿ ಸೊಪ್ಪು ಬಿಟ್ಟರೆ ರಕ್ತಹೀನತೆ ಹೆಚ್ಚಿ, ಅಕ್ಕಿ, ನೀರು, ಧೂಳಿನಿಂದ ಬರುವ ಲೋಹವನ್ನೇ ದೇಹ ಇನ್ನಷ್ಟು ಹೀರುವ ಪರಿಸ್ಥಿತಿ ಬರುತ್ತದೆ. ಈ ಸುದ್ದಿಗಳಿಂದ ಆಗಬಹುದಾದ ಅತಿ ಕೆಟ್ಟ ಪರಿಣಾಮ ಇದೇ. ಸೊಪ್ಪನ್ನು ಬಿಡದೆ, ದಿನವೂ ಒಂದೇ ಸೊಪ್ಪು ತಿನ್ನುವ ಬದಲು ನುಗ್ಗೆ, ಬಸಳೆ, ಮೆಂತ್ಯೆ, ಚಕ್ರಮುನಿ ಎಂದು ಬದಲಿಸುತ್ತ, ಸಾಧ್ಯವಾದರೆ ಬೇರೆ ಬೇರೆ ಕಡೆ ಬೆಳೆದದ್ದನ್ನು ತರುತ್ತ ಹೋಗುವುದು ಹೆಚ್ಚು ವಿವೇಕದ ದಾರಿ.

ಪರೀಕ್ಷೆ ಎಲ್ಲಿ ತಪ್ಪಿಹೋಗುತ್ತಿದೆ

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಹನ್ನೆರಡು ಅಂಶಗಳನ್ನು ನೋಡುತ್ತಾರೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಸೀಸವೂ ಇಲ್ಲ, ಕ್ಯಾಡ್ಮಿಯಂ ಕೂಡ ಇಲ್ಲ. ಆಹಾರ ಸುರಕ್ಷತಾ ಇಲಾಖೆ ಮಾರುಕಟ್ಟೆಯಲ್ಲಿ ಮಾದರಿ ತೆಗೆದು ದೋಷ ಕಂಡರೆ ಮಾರಿದವರಿಗೆ ನೋಟಿಸ್ ಹೋಗುತ್ತದೆ, ಆದರೆ ಆ ಕಟ್ಟು ಯಾವ ಹೊಲದಿಂದ ಬಂತು ಎಂಬುದು ದಲ್ಲಾಳಿ, ಹರಾಜು, ಚಿಲ್ಲರೆ ವ್ಯಾಪಾರಿಗಳ ನಡುವೆ ಕಳೆದುಹೋಗಿರುತ್ತದೆ. ಮೂಲದಲ್ಲಿ ಪರೀಕ್ಷೆ ಇಲ್ಲ, ತುದಿಯಲ್ಲಿ ಮಾತ್ರ ಶಿಕ್ಷೆ ಇದೆ. ಬುಟ್ಟಿಯಲ್ಲಿ ಸೊಪ್ಪು ಹೊತ್ತು ತರುವ ಹೆಂಗಸರ ಮೇಲೆ ಆ ಭಾರ ಬೀಳುವುದು ಅನ್ಯಾಯ.

ಸೀಸ, ಕ್ಯಾಡ್ಮಿಯಂ ಪರೀಕ್ಷೆ ದುಬಾರಿ ಉಪಕರಣಗಳನ್ನು ಬೇಡುತ್ತದೆ. ಪ್ರತಿ ರೈತನ ಹೊಲವನ್ನೂ ಅಳೆಯುವುದು ಕಾರ್ಯಸಾಧ್ಯವಲ್ಲ. ಅಗತ್ಯವೂ ಇಲ್ಲ. ಕೊಳಚೆ ನೀರು ಬಳಸುವ ಪಟ್ಟಿ, ಹೆದ್ದಾರಿಯ ಬದಿ, ಕಸ ಸುರಿದ ಜಾಗಗಳ ಸುತ್ತ, ಹಳೆಯ ಕೈಗಾರಿಕೆಯ ಆಸುಪಾಸು ಇವಿಷ್ಟನ್ನು ಮೊದಲು ಆರಿಸಿಕೊಂಡು, ನೀರು, ಮಣ್ಣು, ತೊಳೆದ ಸೊಪ್ಪು ಮೂರನ್ನೂ ಒಟ್ಟಿಗೆ ಪರೀಕ್ಷಿಸಿ, ಹಸಿ ತೂಕದಲ್ಲಿ ಫಲಿತಾಂಶ ಪ್ರಕಟಿಸಿದರೆ ಜಿಲ್ಲೆಯ ಚಿತ್ರ ಸಿಗುತ್ತದೆ. ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ. ಇಂಥ ಕೆಲಸಕ್ಕೆ ತಕ್ಕ ತಿಳಿವಳಿಕೆಗಾಗಿ ಜಿಲ್ಲೆಯ ಹೊರಗೆ ಹೋಗಬೇಕಿಲ್ಲ. ಪಾಲಿಕೆಯ ಕಾಂಪೋಸ್ಟ್ ಮಾರುವಾಗ ಆಯಾ ಕಂತಿನ ಗೊಬ್ಬರದ ಲೋಹ ಪರೀಕ್ಷೆಯ ಫಲಿತಾಂಶವನ್ನು ಚೀಲದ ಮೇಲೆ ಮುದ್ರಿಸಬೇಕೆಂಬ ನಿಯಮ ಮಾಡಿದರೆ ರೈತರಿಗೆ ಆಯ್ಕೆಗೆ ಅವಕಾಶ ದೊರೆಯುತ್ತದೆ.

ಈಗಲೇ ಮಾಡಬಹುದಾದ ಕೆಲಸ

ಲೋಹದ ಪರೀಕ್ಷೆ ಬರುವವರೆಗೆ ಕಾಯದೆ ಶುರು ಮಾಡಬಹುದಾದ ಒಂದು ಕೆಲಸವಿದೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಲೋಹ ಇಲ್ಲದಿದ್ದರೂ ರಸಸಾರ ಇದೆ. ಸೊಪ್ಪು ಬೆಳೆಯುವ ಮಡಿಯ ರಸಸಾರ ಐದೂವರೆಗಿಂತ ಕಡಿಮೆ ಇದ್ದರೆ ಕೃಷಿ ಸುಣ್ಣ ಅಥವಾ ಡಾಲೊಮೈಟ್ ಹಾಕಿ ಆರೂವರೆಯ ಹತ್ತಿರಕ್ಕೆ ತರುವುದು ಕ್ಯಾಡ್ಮಿಯಂ ಎಲೆಗೆ ಏರುವುದನ್ನು ತಗ್ಗಿಸುವ ಅತ್ಯಂತ ಅಗ್ಗದ ಉಪಾಯ. ಸಾವಯವ ಬೇಸಾಯದಲ್ಲೂ ಸುಣ್ಣಕ್ಕೆ ಅನುಮತಿ ಇದೆ. ಮಳೆಗಾಲ ಮುಗಿದು ಸೊಪ್ಪಿನ ಮಡಿ ಮಾಡುವ ಎರಡು–ಮೂರು ವಾರ ಮೊದಲು ಹಾಕಿ ಮಣ್ಣಿನಲ್ಲಿ ಚೆನ್ನಾಗಿ ಬೆರೆಸಬೇಕು, ಏಕೆಂದರೆ ಸುಣ್ಣ ಮೇಲೆ ಉಳಿದರೆ ಬೇರಿನ ಮಟ್ಟದ ಹುಳಿ ಹಾಗೇ ಇರುತ್ತದೆ.

ಎಷ್ಟು ಹಾಕಬೇಕು ಎಂಬುದನ್ನು ಅಂದಾಜಿನ ಮೇಲೆ ಬಿಡಬಾರದು. ಅತಿಯಾಗಿ ಸುಣ್ಣ ಬಿದ್ದರೆ ಸತು ಗಿಡಕ್ಕೆ ಸಿಗದಂತಾಗುತ್ತದೆ, ಸತು ಸಿಗದ ಬೇರು ಕ್ಯಾಡ್ಮಿಯಂ ಹೀರುವುದು ಹೆಚ್ಚುತ್ತದೆ. ಅಂದರೆ ಹಾಕಿದ ಉದ್ದೇಶವೇ ಕೆಡುತ್ತದೆ. ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಆ ಮಣ್ಣಿನ ಸುಣ್ಣದ ಅಗತ್ಯವನ್ನು ಕೇಳಿ ಬರೆಸಿಕೊಂಡು, ಚೀಟಿಯಲ್ಲಿ ಸತು ಕಡಿಮೆ ಎಂದಿದ್ದರೆ ಅದನ್ನೂ ಸರಿಪಡಿಸಬೇಕು. ಇಲ್ಲಿನ ಮಳೆ ಹಾಕಿದ ಸುಣ್ಣವನ್ನು ಮತ್ತೆ ತೊಳೆಯುತ್ತದೆ, ಆದ್ದರಿಂದ ಎರಡು–ಮೂರು ವರ್ಷಕ್ಕೊಮ್ಮೆ ರಸಸಾರವನ್ನು ಪುನಃ ನೋಡಿಸುವುದು ಅಗತ್ಯ.